ಹತ್ತು ಕಟ್ಟುವ ಕಡೆ ಒಂದು ಮುತ್ತು: ವ್ಯವಹಾರದ ನಮೂನೆಗಳಿಗೆ ಒಂದೇ ಶೋಧ ಪೆಟ್ಟಿಗೆ

ಕಳೆದ ವರ್ಷದ ಮಳೆಗಾಲದಲ್ಲಿ ನಮ್ಮ ಸಂಸ್ಥೆಯಿಂದ ತಿಪಟೂರಿನ ಪಂಪ್‌ಸೆಟ್ ಬಿಡಿಭಾಗಗಳ ವ್ಯಾಪಾರಿಯೊಬ್ಬರಿಗೆ ಬೇರಿಂಗುಗಳ ಸರಕೊಂದು ರವಾನೆಯಾಯಿತು. ಸರಕು ಸರಿಯಾಗಿಯೇ ತಲುಪಿತು. ಹಣವೂ ಸಕಾಲದಲ್ಲಿ ಬಂದಿತು. ಮುಂದಿನ ತಿಂಗಳ ಮಧ್ಯಭಾಗದಲ್ಲಿ ಆ ವ್ಯಾಪಾರಿಗಳಿಂದ ದೂರವಾಣಿ ಕರೆ ಬಂದಿತು. "ಸ್ವಾಮಿ, ನಿಮ್ಮ ಬಿಲ್ಲು ನಮ್ಮ ಜಿಎಸ್‌ಟಿಆರ್-2ಬಿ ತಖ್ತೆಯಲ್ಲಿ ಕಾಣುತ್ತಲೇ ಇಲ್ಲ. ತೆರಿಗೆ ಜಮೆ ತೆಗೆದುಕೊಳ್ಳಲು ಬರುವುದಿಲ್ಲವೆಂದು ನಮ್ಮ ಲೆಕ್ಕದವರು ಹೇಳುತ್ತಿದ್ದಾರೆ" ಎಂದರು. ಪರಿಶೀಲಿಸಿದಾಗ ಸಂಗತಿ ಬೆಳಕಿಗೆ ಬಂದಿತು. ನಮ್ಮ ಗ್ರಾಹಕರ ಪಟ್ಟಿಯಲ್ಲಿ ಅದೇ ಹೆಸರಿನ ಇನ್ನೊಂದು ಅಂಗಡಿ ಅರಸೀಕೆರೆಯಲ್ಲಿದೆ. ಬಿಲ್ಲಿನಲ್ಲಿ ಹೆಸರು ಸರಿ, ಸರಕು ತಲುಪಿಸುವ ವಿಳಾಸ ಸರಿ. ಜಿಎಸ್‌ಟಿ ಗುರುತಿನ ಸಂಖ್ಯೆ ಮಾತ್ರ ಅರಸೀಕೆರೆಯವರದು!

ಎರಡೂ ಊರುಗಳು ಕರ್ನಾಟಕದಲ್ಲೇ ಇರುವುದರಿಂದ ಸಂಖ್ಯೆಯ ಮೊದಲ ಎರಡು ಅಂಕಿಗಳು 29 ಆಗಿಯೇ ಇದ್ದವು. ತೆರಿಗೆಯ ವಿಂಗಡಣೆಯಲ್ಲಿ ಒಂದು ಪೈಸೆಯ ವ್ಯತ್ಯಾಸವೂ ಬರಲಿಲ್ಲವಾದ್ದರಿಂದ ತಪ್ಪು ಯಾರ ಕಣ್ಣಿಗೂ ಬೀಳಲಿಲ್ಲ. ಹಳೆಯ ಬಿಲ್ಲಿಗೆ ಕ್ರೆಡಿಟ್ ನೋಟ್ ಬರೆದು, ಹೊಸ ಬಿಲ್ಲು ಮಾಡಿ, ಎರಡೂ ಕಡೆಯವರಿಗೆ ಸಮಾಧಾನ ಹೇಳುವಷ್ಟರಲ್ಲಿ ಸಾಕಾಯಿತು. ಹದಿನೈದು ವರ್ಷಗಳ ವಿಶ್ವಾಸಕ್ಕೆ ಅಂದು ಸ್ವಲ್ಪ ಮುಕ್ಕಾಯಿತೆಂಬುದೂ ನಿಜ.

ಬಿಲ್ಲು ಬರೆದ ಗುಮಾಸ್ತನನ್ನು ಗದರಿಸಿ ಕೈತೊಳೆದುಕೊಳ್ಳಬಹುದಿತ್ತು. ಆದರೆ ಆತ ಕುಳಿತ ಆಸನದಲ್ಲಿ ನಾನೇ ಕುಳಿತು ನೋಡಿದಾಗ ತಪ್ಪು ಆತನದಲ್ಲವೆಂದು ಮನವರಿಕೆಯಾಯಿತು. ಹೆಸರಿನ ಮೊದಲ ನಾಲ್ಕು ಅಕ್ಷರ ಒತ್ತಿದೊಡನೆ ಪರದೆಯ ಮೇಲೆ ಒಂದೇ ಹೆಸರು ಎರಡು ಸಾಲುಗಳಲ್ಲಿ ಮೂಡಿತು. ಊರಿಲ್ಲ, ಸಂಖ್ಯೆಯಿಲ್ಲ. ಯಾವುದನ್ನು ಆರಿಸಬೇಕೆಂದು ಯಾರಿಗೆ ತಾನೇ ತಿಳಿದೀತು? ಆಶ್ಚರ್ಯವೆಂದರೆ, ಆರ್ಡರ್ ಬರೆಯುವ ನಮೂನೆಯಲ್ಲಿ ಅದೇ ಪಟ್ಟಿ ಊರಿನ ಹೆಸರಿನೊಂದಿಗೆ ಬರುತ್ತಿತ್ತು. ಆರ್ಡರ್, ದರಪಟ್ಟಿ, ಬಿಲ್ಲು, ಹಣಪಾವತಿ, ದಾಸ್ತಾನು ಎಂಬ ಐದು ನಮೂನೆಗಳಲ್ಲಿ ಐದು ಶೋಧ ಪೆಟ್ಟಿಗೆಗಳಿದ್ದವು. ಅವನ್ನು ಬೇರೆ ಬೇರೆ ಕಾಲದಲ್ಲಿ ಬೇರೆ ಬೇರೆ ಕೈಗಳು ಕಟ್ಟಿದ್ದವು. ಒಂದರಲ್ಲಿ ಸರಿಪಡಿಸಿದ ದೋಷ ಇನ್ನೊಂದರಲ್ಲಿ ಹಾಗೆಯೇ ಉಳಿದಿತ್ತು.

ಈ ಐದನ್ನೂ ತೆಗೆದು ಒಂದೇ ಪೆಟ್ಟಿಗೆಯನ್ನು ಕಟ್ಟಿಸಿ ಎಲ್ಲ ನಮೂನೆಗಳಿಗೂ ಜೋಡಿಸಿದ ಅನುಭವವನ್ನು ಸದಸ್ಯ ಬಾಂಧವರೊಂದಿಗೆ ಹಂಚಿಕೊಳ್ಳುವುದು ಈ ಲೇಖನದ ಉದ್ದೇಶ. ತಂತ್ರಾಂಶ ಬರೆಯುವುದು ನಮ್ಮ ಕಸುಬಲ್ಲ. ಆದರೆ ಬರೆಯಿಸುವವರು ನಾವು. ಏನನ್ನು ಕೇಳಿ ಪಡೆಯಬೇಕೆಂಬುದನ್ನು ಅರಿತಿರುವುದು ನಮ್ಮ ಹಿತಕ್ಕೆ ಅಗತ್ಯ.

ಬಿಡಿಭಾಗದ ತತ್ತ್ವ

ಒಮ್ಮೆ ತಯಾರಿಸಿ ಎಲ್ಲೆಡೆ ಜೋಡಿಸುವ ವಿಚಾರ ಕಾರ್ಖಾನೆಯವರಿಗೆ ಹೊಸದಲ್ಲ. ಒಂದೊಂದು ಕಮ್ಮಟವೂ ತನ್ನದೇ ಮರೆಯ ತಿರುಪು ಕೊರೆಯುತ್ತಿದ್ದ ಕಾಲದಲ್ಲಿ, ಇಂಗ್ಲೆಂಡಿನ ಜೋಸೆಫ್ ವಿಟ್‌ವರ್ತ್ ಅವರು 1841ರಲ್ಲಿ ಏಕರೂಪದ ತಿರುಪಿನ ಅಳತೆಯನ್ನು ಮುಂದಿಟ್ಟರು. ಮರೆಯ ಕೋನ 55 ಡಿಗ್ರಿ ಎಂದು ಗೊತ್ತುಪಡಿಸಿದರು. ಅಳತೆ ಒಂದಾದ ಮೇಲೆ ಒಂದೆಡೆ ಮಾಡಿದ ನಟ್ಟು ಇನ್ನೊಂದೆಡೆ ಮಾಡಿದ ಬೋಲ್ಟಿಗೆ ಕೂರುವುದು ಸಾಧ್ಯವಾಯಿತು. ತಂತ್ರಾಂಶದಲ್ಲಿಯೂ ಹೀಗೆಯೇ ಬಿಡಿಭಾಗಗಳನ್ನು ತಯಾರಿಸಬೇಕೆಂಬ ವಾದವನ್ನು ಡಗ್ಲಸ್ ಮೆಕ್‌ಇಲ್‌ರಾಯ್ ಅವರು 1968ರಲ್ಲಿ ಜರ್ಮನಿಯ ಗಾರ್ಮಿಶ್‌ನಲ್ಲಿ ನಡೆದ ಸಮ್ಮೇಳನದಲ್ಲಿ ಮಂಡಿಸಿದ್ದರು. ಇಂದು ಜಾಲತಾಣಗಳನ್ನು ಕಟ್ಟುವವರು 'ಕಾಂಪೊನೆಂಟ್' ಎಂದು ಕರೆಯುವುದು ಇದನ್ನೇ.

ಬಿಡಿಭಾಗಕ್ಕೆ ಎರಡು ಗುಣಗಳಿರಬೇಕು. ಮೊದಲನೆಯದು, ಒಳಗಿನ ರಚನೆ ಎಲ್ಲೆಡೆಯೂ ಒಂದೇ ಆಗಿರಬೇಕು. ಎರಡನೆಯದು, ಹೊರಗಿನಿಂದ ಹೊಂದಿಸಬೇಕಾದ ಅಂಶಗಳು ಕೆಲವೇ ಇದ್ದು, ಮೊದಲೇ ನಿಗದಿಯಾಗಿರಬೇಕು. ನಮ್ಮ ಶೋಧ ಪೆಟ್ಟಿಗೆಯಲ್ಲಿ ಹೊರಗಿನಿಂದ ಹೇಳಬೇಕಾದದ್ದು ನಾಲ್ಕೇ ಸಂಗತಿಗಳು: ಯಾವ ಪಟ್ಟಿಯಲ್ಲಿ ಹುಡುಕಬೇಕು, ಮೇಲೆ ಯಾವ ಶೀರ್ಷಿಕೆ ಇರಬೇಕು, ಪ್ರತಿ ಸಾಲಿನಲ್ಲಿ ಯಾವ ಯಾವ ವಿವರ ತೋರಿಸಬೇಕು, ಆಯ್ಕೆ ಕಡ್ಡಾಯವೋ ಅಲ್ಲವೋ. ಉಳಿದೆಲ್ಲ ನಡವಳಿಕೆಯೂ ಪೆಟ್ಟಿಗೆಯ ಒಳಗೇ ಅಡಕವಾಗಿದೆ. ಹೊಂದಿಸುವ ಗುಂಡಿಗಳನ್ನು ನಲವತ್ತಕ್ಕೆ ಏರಿಸಿದರೆ ಮತ್ತೆ ಐದು ಪೆಟ್ಟಿಗೆಗಳ ಕಾಲಕ್ಕೇ ಮರಳಿದಂತೆ.

ಬರೆದದ್ದು ಬೇರೆ, ಆರಿಸಿದ್ದು ಬೇರೆ

ಪೆಟ್ಟಿಗೆಯಲ್ಲಿ ಕಾಣುವ ಅಕ್ಷರಗಳು ಒಂದು. ಅದರ ಹಿಂದೆ ಅಡಗಿರುವ ಖಾತೆಯ ಕ್ರಮಸಂಖ್ಯೆ ಇನ್ನೊಂದು. ಬಿಲ್ಲಿಗೆ ಸೇರಬೇಕಾದದ್ದು ಕ್ರಮಸಂಖ್ಯೆಯೇ ಹೊರತು ಹೆಸರಲ್ಲ. ಹೆಸರು ಇಬ್ಬರಿಗಿರಬಹುದು, ಕ್ರಮಸಂಖ್ಯೆ ಒಬ್ಬರಿಗೇ. ಇಡೀ ಲೇಖನದಲ್ಲಿ ಒಂದೇ ಮಾತನ್ನು ನೆನಪಿಡುವುದಾದರೆ ಇದನ್ನು ನೆನಪಿಡಬೇಕೆಂದು ವಿನಂತಿ.

ಇಲ್ಲಿ ಒಂದು ಸೂಕ್ಷ್ಮವಿದೆ. ಗುಮಾಸ್ತರು ಒಂದು ಹೆಸರನ್ನು ಆರಿಸಿದ ನಂತರ, ತಪ್ಪಾಯಿತೆಂದು ಅಕ್ಷರಗಳನ್ನು ಅಳಿಸಿ ಬೇರೆ ಹೆಸರು ಬರೆಯುತ್ತಾರೆ. ಆದರೆ ಪಟ್ಟಿಯಿಂದ ಆರಿಸುವುದನ್ನು ಮರೆತು ಮುಂದಕ್ಕೆ ಹೋಗುತ್ತಾರೆ. ಆಗ ಪರದೆಯಲ್ಲಿ ಹೊಸ ಹೆಸರು, ಒಳಗೆ ಹಳೆಯ ಕ್ರಮಸಂಖ್ಯೆ! ನಮ್ಮ ಹಣಪಾವತಿಯ ನಮೂನೆಯಲ್ಲಿ ಈ ದೋಷವಿತ್ತೆಂಬುದು ಪರೀಕ್ಷೆಯ ವೇಳೆಯಲ್ಲಷ್ಟೇ ಗೊತ್ತಾಯಿತು. ಪರಿಹಾರ ಸರಳ. ಆಯ್ಕೆಯ ನಂತರ ಒಂದು ಅಕ್ಷರ ಬದಲಾದರೂ ಒಳಗಿನ ಕ್ರಮಸಂಖ್ಯೆ ಕೂಡಲೇ ಅಳಿಯಬೇಕು. ಆಯ್ಕೆ ಇಲ್ಲದೆ ನಮೂನೆ ಮುಂದಕ್ಕೆ ಹೋಗಕೂಡದು. ಆಯ್ಕೆಯಾದ ಮೇಲೆ ಪೆಟ್ಟಿಗೆಯ ಕೆಳಗೆ ಊರು ಮತ್ತು ಜಿಎಸ್‌ಟಿ ಸಂಖ್ಯೆ ಸ್ಥಿರವಾಗಿ ಕಾಣುತ್ತಿರಬೇಕು.

ಆತುರವೂ ಸಲ್ಲದು, ಹಳೆಯ ಉತ್ತರವೂ ಸಲ್ಲದು

ಒಂದೊಂದು ಅಕ್ಷರ ಒತ್ತಿದಾಗಲೂ ಸರ್ವರ್‌ಗೆ ಪ್ರಶ್ನೆ ಕಳುಹಿಸುವುದು ವ್ಯರ್ಥ. ಎಂಟು ಅಕ್ಷರಗಳ ಹೆಸರಿಗೆ ಎಂಟು ಪ್ರಶ್ನೆಗಳಾಗುತ್ತವೆ. ಮೊದಲ ಏಳರ ಉತ್ತರ ಯಾರಿಗೂ ಬೇಡ. ಬೆರಳು ನಿಂತು ಸುಮಾರು 300 ಮಿಲಿಸೆಕೆಂಡು, ಅಂದರೆ ಸೆಕೆಂಡಿನ ಮೂರನೆಯ ಒಂದು ಭಾಗಕ್ಕೂ ಕಡಿಮೆ ಕಾಲ ಕಾದು ಆಮೇಲೆ ಕೇಳಿದರೆ ಸಾಕು. ಬಳಸುವವರಿಗೆ ವಿಳಂಬದ ಅರಿವೇ ಆಗುವುದಿಲ್ಲ.

ಇನ್ನೊಂದು ಅಪಾಯ ಹೆಚ್ಚು ಗೂಢವಾದದ್ದು. ಮೊದಲು ಕೇಳಿದ ಪ್ರಶ್ನೆಗೆ ಉತ್ತರ ಕೊನೆಗೆ ಬರುವ ಸಂಭವವಿದೆ. ಸಂಪರ್ಕ ನಿಧಾನವಾಗಿರುವ ಗೋದಾಮುಗಳಲ್ಲಿ ಇದು ಆಗಾಗ ನಡೆಯುತ್ತದೆ. '620' ಎಂದು ಕೇಳಿದ ಪ್ರಶ್ನೆಯ ಉದ್ದನೆಯ ಉತ್ತರ ತಡವಾಗಿ ಬಂದು, '6205' ಎಂಬ ಪ್ರಶ್ನೆಯ ಸರಿಯಾದ ಪಟ್ಟಿಯನ್ನು ಅಳಿಸಿ ತಾನು ಕೂರುತ್ತದೆ. ಗುಮಾಸ್ತರ ಬೆರಳು ಅದೇ ಕ್ಷಣ ಮೊದಲ ಸಾಲನ್ನು ಒತ್ತಿರುತ್ತದೆ. ಆದ್ದರಿಂದ ಪ್ರತಿ ಪ್ರಶ್ನೆಗೂ ಸರಣಿ ಸಂಖ್ಯೆ ಕೊಟ್ಟು, ತೀರ ಇತ್ತೀಚಿನದರ ಉತ್ತರವನ್ನು ಮಾತ್ರ ಸ್ವೀಕರಿಸಬೇಕು.

ಹುಡುಕುವ ಬುದ್ಧಿ: ಎಲ್ಲಿ ಸಡಿಲ, ಎಲ್ಲಿ ಬಿಗಿ

ಗ್ರಾಹಕರು ಒಂದೇ ವಸ್ತುವನ್ನು ಹತ್ತು ಬಗೆಯಲ್ಲಿ ಕೇಳುತ್ತಾರೆ. 6205 ಝಡ್‌ಝಡ್ ಎಂಬ ಬೇರಿಂಗನ್ನೇ ತೆಗೆದುಕೊಳ್ಳಿ. ಒಬ್ಬರು ನಡುವೆ ಜಾಗ ಬಿಡುತ್ತಾರೆ, ಒಬ್ಬರು ಅಡ್ಡಗೆರೆ ಹಾಕುತ್ತಾರೆ, ಒಬ್ಬರು ಕೂಡಿಸಿ ಬರೆಯುತ್ತಾರೆ. ಕೆಲವು ತಯಾರಕರು ಅದೇ ಬಗೆಯ ಮುಚ್ಚಳಕ್ಕೆ 2ಝಡ್ ಎಂದು ನಮೂದಿಸುತ್ತಾರೆ. ಜಾಗ, ಅಡ್ಡಗೆರೆ, ದೊಡ್ಡಕ್ಷರ, ಸಣ್ಣಕ್ಷರ ಇವುಗಳ ಭೇದವನ್ನು ತೆಗೆದುಹಾಕಿ ಹೋಲಿಸಿದರೆ ಅರ್ಧ ಸಮಸ್ಯೆ ಮುಗಿಯುತ್ತದೆ. ಉಳಿದರ್ಧಕ್ಕೆ ಪ್ರತಿ ವಸ್ತುವಿಗೂ ಪರ್ಯಾಯ ಹೆಸರುಗಳ ಪಟ್ಟಿಯನ್ನು ಜೊತೆಗಿಡಬೇಕು.

ಊರುಗಳ ಹೆಸರಿಗೂ ಇದೇ ಮಾತು ಅನ್ವಯ. ರಾಜ್ಯದ 12 ನಗರಗಳ ಹೆಸರುಗಳು 2014ರ ನವೆಂಬರ್ 1ರಿಂದ ಅಧಿಕೃತವಾಗಿ ಬದಲಾದವು. ನಮ್ಮ ಹಳೆಯ ಖಾತೆಗಳಲ್ಲಿ ಗುಲ್ಬರ್ಗ, ಹೊಸ ಖಾತೆಗಳಲ್ಲಿ ಕಲಬುರಗಿ; ಹಳೆಯದರಲ್ಲಿ ಬಿಜಾಪುರ, ಹೊಸದರಲ್ಲಿ ವಿಜಯಪುರ. ಒಂದನ್ನು ಕೇಳಿದರೆ ಎರಡೂ ಸಿಗಬೇಕು.

ಕನ್ನಡದಲ್ಲಿ ಹುಡುಕುವಾಗ ಇನ್ನಷ್ಟು ಎಚ್ಚರ ಬೇಕು. ಯೂನಿಕೋಡ್ ವ್ಯವಸ್ಥೆಯಲ್ಲಿ 'ಕೊ' ಎಂಬ ಅಕ್ಷರದ ಸ್ವರಚಿಹ್ನೆಯನ್ನು ಒಂದೇ ಸಂಕೇತವಾಗಿಯೂ ಇಡಬಹುದು, ಎರಡು ಸಂಕೇತಗಳ ಜೋಡಣೆಯಾಗಿಯೂ ಇಡಬಹುದು. ಕಣ್ಣಿಗೆ ಎರಡೂ ಒಂದೇ. ಗಣಕಯಂತ್ರಕ್ಕೆ ಎರಡೂ ಬೇರೆ. 'ಟ್ರೇಡರ್ಸ್' ಮೊದಲಾದ ಪದಗಳ ನಂತರ ಕಣ್ಣಿಗೆ ಕಾಣದ ಜೋಡಣಾ ಸಂಕೇತಗಳು ಉಳಿದಿರುವುದೂ ಉಂಟು. ಹೋಲಿಸುವ ಮೊದಲು ಇವನ್ನೆಲ್ಲ ಒಂದೇ ರೂಪಕ್ಕೆ ತರಬೇಕು. ೬೨೦೫ ಎಂದು ಬರೆದರೂ 6205 ಎಂದು ತಿಳಿಯಬೇಕು. ಯೂನಿಕೋಡ್ ಪೂರ್ವದ ಅಕ್ಷರಶೈಲಿಗಳಲ್ಲಿ ದಾಖಲಿಸಿದ ಹಳೆಯ ಪಟ್ಟಿಗಳಿದ್ದರೆ ಅವನ್ನು ಮೊದಲೇ ಪರಿವರ್ತಿಸಿಕೊಳ್ಳುವುದು ಅನಿವಾರ್ಯ. ಲಕ್ಷ್ಮಿ, ಲಕ್ಷ್ಮೀ; ಅಂಜನೇಯ, ಆಂಜನೇಯ: ಇಂತಹ ಜೋಡಿಗಳು ಯಾವ ಖಾತೆ ಪುಸ್ತಕದಲ್ಲಿಲ್ಲ?

ಇಂತಹ ಸಣ್ಣ ವ್ಯತ್ಯಾಸಗಳನ್ನು ಅಳೆಯುವ ವಿಧಾನವೊಂದನ್ನು ರಷ್ಯಾದ ಗಣಿತಜ್ಞ ವ್ಲಾದಿಮಿರ್ ಲೆವೆನ್‌ಶ್ಟೈನ್ ಅವರು 1965ರಲ್ಲಿ ನಿರೂಪಿಸಿದರು. ಒಂದು ಪದವನ್ನು ಇನ್ನೊಂದಾಗಿ ಮಾಡಲು ಎಷ್ಟು ಅಕ್ಷರಗಳನ್ನು ಸೇರಿಸಬೇಕು, ತೆಗೆಯಬೇಕು ಅಥವಾ ಬದಲಿಸಬೇಕು ಎಂಬ ಎಣಿಕೆಯೇ ಆ ಅಳತೆ. ಹೆಸರುಗಳಿಗೆ ಇದು ಬಹಳ ಉಪಯುಕ್ತ. ಆದರೆ ಸಂಖ್ಯೆಗಳಿಗೆ ಇದನ್ನು ಅನ್ವಯಿಸುವುದು ಅಪಾಯಕರ. 6205 ಮತ್ತು 6206ರ ನಡುವೆ ವ್ಯತ್ಯಾಸ ಒಂದೇ ಅಂಕಿಯದು; ಆದರೆ ಮೊದಲನೆಯದರ ಒಳವ್ಯಾಸ 25 ಮಿಲಿಮೀಟರ್, ಎರಡನೆಯದರದು 30. 'ಹತ್ತಿರದ್ದು' ಎಂದು ಕಳುಹಿಸಿದರೆ ರೈತರ ಪಂಪು ನಿಂತೇ ಇರುತ್ತದೆ, ಸರಕು ನಮಗೇ ಮರಳಿ ಬರುತ್ತದೆ. ಹೆಸರುಗಳಿಗೆ ಸಡಿಲ, ಸಂಖ್ಯೆಗಳಿಗೆ ಬಿಗಿ: ಇದು ನಮ್ಮ ಪೆಟ್ಟಿಗೆಯ ನಿಯಮ.

ಜಿಎಸ್‌ಟಿ ಗುರುತಿನ ಸಂಖ್ಯೆಯಲ್ಲಿ 15 ಸ್ಥಾನಗಳಿವೆ. ಮೊದಲ ಎರಡು ರಾಜ್ಯದವು, ಮುಂದಿನ ಹತ್ತು ಪ್ಯಾನ್ ಸಂಖ್ಯೆಯವು, ಕೊನೆಯದು ಉಳಿದವುಗಳಿಂದ ಲೆಕ್ಕ ಹಾಕಿದ ತಾಳೆಯ ಸ್ಥಾನ. ಆದ್ದರಿಂದ ಬೆರಳಚ್ಚಿನ ತಪ್ಪುಗಳಲ್ಲಿ ಬಹುಪಾಲನ್ನು ಪೆಟ್ಟಿಗೆಯೇ ಹಿಡಿದು ಹೇಳಬಲ್ಲದು. ಆದರೆ ನಮಗಾದಂತೆ ಸರಿಯಾದ ಸಂಖ್ಯೆ ತಪ್ಪು ಅಂಗಡಿಯದಾದರೆ ಈ ತಾಳೆ ನೆರವಿಗೆ ಬಾರದು. ಅದಕ್ಕೆ ಕಣ್ಣಿಗೆ ಕಾಣುವ ಊರೇ ಮದ್ದು.

'ಸಿಗಲಿಲ್ಲ' ಎಂಬ ಮಾತಿನ ಬೆಲೆ

ಹಳೆಯ ಪೆಟ್ಟಿಗೆಗಳು ಸಂಪರ್ಕ ಕಡಿದಾಗಲೂ 'ಯಾವುದೂ ಸಿಗಲಿಲ್ಲ' ಎಂದೇ ಹೇಳುತ್ತಿದ್ದವು. ಗುಮಾಸ್ತರು ಅದನ್ನು ನಂಬಿ ಹೊಸ ಖಾತೆ ತೆರೆಯುತ್ತಿದ್ದರು. ಹೀಗೆ ಒಬ್ಬರೇ ವ್ಯಾಪಾರಿಗೆ ಮೂರು ಖಾತೆಗಳಾಗಿ, ಬಾಕಿ ಒಂದರಲ್ಲಿ, ಜಮೆ ಇನ್ನೊಂದರಲ್ಲಿ ಕುಳಿತಿತ್ತು. ಹಣ ಕೊಟ್ಟವರಿಗೇ ಬಾಕಿಯ ಪತ್ರ ಬರೆದ ಮುಜುಗರವೂ ನಮ್ಮ ಪಾಲಿಗೆ ಬಂದಿದೆ.

ಹುಡುಕುತ್ತಿದೆ, ಹುಡುಕಿದರೂ ಇಲ್ಲ, ಹುಡುಕಲಾಗಲಿಲ್ಲ: ಈ ಮೂರೂ ಸ್ಥಿತಿಗಳನ್ನು ಪೆಟ್ಟಿಗೆ ಬೇರೆ ಬೇರೆ ಮಾತುಗಳಲ್ಲಿ ತಿಳಿಸಬೇಕು. ಎರಡನೆಯ ಸ್ಥಿತಿಯಲ್ಲಿ ಮಾತ್ರ 'ಹೊಸ ಖಾತೆ ಸೇರಿಸಿ' ಎಂಬ ಗುಂಡಿ ಮೂಡಬೇಕು. ಮೂರನೆಯದರಲ್ಲಿ 'ಮತ್ತೆ ಪ್ರಯತ್ನಿಸಿ' ಎಂಬುದಷ್ಟೇ ಸಾಕು.

ಕೈ, ಕಣ್ಣು, ಕಿವಿ

ಬಿಲ್ಲು ಬರೆಯುವವರ ಕೈ ಕೀಲಿಮಣೆಯ ಮೇಲಿರುತ್ತದೆ. ಪ್ರತಿ ಸಾಲಿಗೂ ಮೌಸ್ ಹಿಡಿಯುವಂತಾದರೆ ಕೆಲಸ ಕುಂಠಿತವಾಗುತ್ತದೆ. ಬಾಣದ ಕೀಲಿಯಿಂದ ಪಟ್ಟಿಯಲ್ಲಿ ಇಳಿಯಲು, ಎಂಟರ್ ಒತ್ತಿ ಆರಿಸಲು, ಎಸ್ಕೇಪ್ ಒತ್ತಿ ಮುಚ್ಚಲು ಅನುಕೂಲವಿರಬೇಕು. ಪಟ್ಟಿ ತೆರೆದಿರುವಾಗ ಎಂಟರ್ ಒತ್ತಿದರೆ ಇಡೀ ನಮೂನೆ ಸಲ್ಲಿಕೆಯಾಗಿಬಿಡಬಾರದು. ಬಾರ್‌ಕೋಡ್ ಓದುವ ಉಪಕರಣಗಳು ಸಾಮಾನ್ಯವಾಗಿ ಕೊನೆಯಲ್ಲಿ ತಾವೇ ಎಂಟರ್ ಕಳುಹಿಸುತ್ತವೆ. ಇದನ್ನು ಮರೆತರೆ ಒಂದೇ ವಸ್ತುವಿನ ಅರೆಬರೆ ಬಿಲ್ಲುಗಳು ಸಾಲಾಗಿ ಹುಟ್ಟುತ್ತವೆ. ಕನ್ನಡ ಬೆರಳಚ್ಚಿನಲ್ಲಿ ಅಕ್ಷರ ಇನ್ನೂ ಕೂಡಿಕೊಳ್ಳುತ್ತಿರುವಾಗ ಒತ್ತಿದ ಎಂಟರ್ ಅನ್ನು ಆಯ್ಕೆಯೆಂದು ತಿಳಿಯಕೂಡದು.

ದೃಷ್ಟಿಮಾಂದ್ಯ ಇರುವವರೂ ನಮ್ಮ ಕಚೇರಿಗಳಲ್ಲಿ ದುಡಿಯುತ್ತಾರೆ, ನಮ್ಮ ಗ್ರಾಹಕರೂ ಆಗಿರುತ್ತಾರೆ. ಪೆಟ್ಟಿಗೆಯ ಶೀರ್ಷಿಕೆ ಅದರ ಮೇಲ್ಭಾಗದಲ್ಲಿ ಸದಾ ಕಾಣುವಂತಿರಬೇಕು. ಬರೆಯಲು ತೊಡಗಿದೊಡನೆ ಮಾಯವಾಗುವ ಮಸುಕು ಅಕ್ಷರಗಳು ಶೀರ್ಷಿಕೆಯ ಬದಲಿಯಲ್ಲ. ಅಂತರರಾಷ್ಟ್ರೀಯ ಮಾರ್ಗಸೂಚಿಯ ಪ್ರಕಾರ ಸಾಮಾನ್ಯ ಗಾತ್ರದ ಅಕ್ಷರ ಮತ್ತು ಹಿನ್ನೆಲೆಯ ಬಣ್ಣಗಳ ಅನುಪಾತ ಕನಿಷ್ಠ 4.5ಕ್ಕೆ 1 ಇರಬೇಕು. 2023ರ ಅಕ್ಟೋಬರ್‌ನಲ್ಲಿ ಪ್ರಕಟವಾದ ಪರಿಷ್ಕೃತ ಆವೃತ್ತಿ, ಒತ್ತುವ ಗುಂಡಿಗಳಿಗೆ ಸಾಮಾನ್ಯವಾಗಿ 24 ಪಿಕ್ಸೆಲ್ ಅಗಲ, 24 ಪಿಕ್ಸೆಲ್ ಎತ್ತರವಿರಬೇಕೆನ್ನುತ್ತದೆ. ಪರದೆಯನ್ನು ಓದಿ ಹೇಳುವ ತಂತ್ರಾಂಶಕ್ಕೆ 'ಐದು ಫಲಿತಾಂಶಗಳಿವೆ' ಎಂಬ ಸೂಚನೆಯೂ ತಲುಪಬೇಕು. ಒಂದೇ ಪೆಟ್ಟಿಗೆಯಾದ್ದರಿಂದ ಇವೆಲ್ಲವನ್ನೂ ಒಮ್ಮೆ ಮಾಡಿದರೆ ಐದೂ ಕಡೆ ಮಾಡಿದಂತಾಯಿತು.

ಬೀಗದ ಕೈ ಯಾರಲ್ಲಿರಬೇಕು?

ಸಾರ್ವಜನಿಕರು ಬಳಸುವ ಜಾಲತಾಣದಲ್ಲಿ ಗ್ರಾಹಕರ ಹೆಸರು ಹುಡುಕುವ ಪೆಟ್ಟಿಗೆಯನ್ನು ಇರಿಸಲೇಬಾರದು. ಅ, ಆ, ಇ, ಈ ಎಂದು ಒಂದೊಂದೇ ಅಕ್ಷರ ಒತ್ತುತ್ತಾ ಹೋದರೆ ನಿಮ್ಮ ಗ್ರಾಹಕರ ಪಟ್ಟಿಯೆಲ್ಲ ಪ್ರತಿಸ್ಪರ್ಧಿಗಳ ಕೈ ಸೇರುತ್ತದೆ. ವೈಯಕ್ತಿಕ ದತ್ತಾಂಶ ರಕ್ಷಣೆಗೆ 2023ರಲ್ಲಿ ಸಂಸತ್ತು ಕಾಯಿದೆಯನ್ನೂ ರೂಪಿಸಿದೆ. ಯಾರು ಏನನ್ನು ಹುಡುಕಬಹುದೆಂಬುದನ್ನು ಸರ್ವರ್ ನಿರ್ಧರಿಸಬೇಕು. ಪೆಟ್ಟಿಗೆಯಲ್ಲಿ ಮರೆಮಾಡಿದರೆ ಸಾಲದು. ಒಮ್ಮೆಗೆ ಹತ್ತು ಹದಿನೈದು ಸಾಲುಗಳಿಗಿಂತ ಹೆಚ್ಚು ಕೊಡಬಾರದು. ಬಳಕೆದಾರರು ಬರೆದ ಅಕ್ಷರಗಳನ್ನು ದತ್ತಸಂಚಯಕ್ಕೆ ಹೋಗುವ ಆಜ್ಞೆಯೊಳಗೆ ನೇರವಾಗಿ ಬೆರೆಸಕೂಡದೆಂಬುದನ್ನು ತಂತ್ರಜ್ಞರಿಂದ ಖಚಿತಪಡಿಸಿಕೊಳ್ಳಬೇಕು.

ಕಟ್ಟಿಸುವ ಮುನ್ನ

ಎಲ್ಲ ಕಡೆಯೂ ಇಷ್ಟೆಲ್ಲ ಬೇಕೆಂದಿಲ್ಲ. ಹತ್ತಕ್ಕಿಂತ ಕಡಿಮೆ ಆಯ್ಕೆಗಳಿರುವಲ್ಲಿ ಸಾಧಾರಣ ಇಳಿಪಟ್ಟಿಯೇ ಲೇಸು. 2014ರಲ್ಲಿ ಅಂಗೀಕೃತವಾದ ಎಚ್‌ಟಿಎಂಎಲ್ 5ರಲ್ಲಿ ಶೋಧಕ್ಕೆಂದೇ ಒಂದು ಬಗೆಯ ಪೆಟ್ಟಿಗೆಯೂ, ಸಲಹೆಗಳ ಪಟ್ಟಿಯೂ ಸಿದ್ಧವಾಗಿ ದೊರೆಯುತ್ತವೆ. ಸಣ್ಣ ಪಟ್ಟಿಗಳಿಗೆ ಅವೇ ಸಾಕಾಗಬಹುದು. ನಮ್ಮದೂ ಆ ತಳಹದಿಯ ಮೇಲೆಯೇ ನಿಂತಿದೆ.

ಗುತ್ತಿಗೆ ಕೊಡುವವರು ನಾಲ್ಕು ಸಂಗತಿಗಳನ್ನು ಕಾಗದದಲ್ಲಿ ಬರೆಸಿಕೊಳ್ಳಬೇಕು. ಪೆಟ್ಟಿಗೆಯ ಮೂಲ ಬರಹ ನಮ್ಮ ಸ್ವತ್ತಾಗಿ ನಮ್ಮಲ್ಲೇ ಇರತಕ್ಕದ್ದು. ಅದರ ಬಳಕೆಯ ಕ್ರಮವನ್ನು ಒಂದೆರಡು ಪುಟಗಳಲ್ಲಿ ಬರೆದುಕೊಡತಕ್ಕದ್ದು. ಪರೀಕ್ಷೆಯನ್ನು ಮಾದರಿ ಹೆಸರುಗಳಿಂದಲ್ಲ, ನಮ್ಮ ಹಳೆಯ ಖಾತೆಗಳ ನಿಜವಾದ ತಪ್ಪುಒಪ್ಪುಗಳಿಂದಲೇ ಮಾಡತಕ್ಕದ್ದು. ಹೊಸದನ್ನು ಎಲ್ಲ ನಮೂನೆಗಳಿಗೂ ಒಂದೇ ದಿನ ಜೋಡಿಸದೆ, ಒಂದರಲ್ಲಿ ಒಂದು ತಿಂಗಳು ನಡೆಸಿ ನೋಡಿ ಮುಂದುವರಿಯತಕ್ಕದ್ದು. ಒಂದೇ ಬಿಡಿಭಾಗ ಎಲ್ಲೆಡೆ ಇರುವಾಗ ಅದರ ದೋಷವೂ ಎಲ್ಲೆಡೆ ಹರಡುತ್ತದೆಂಬ ಎಚ್ಚರ ಸದಾ ಇರಬೇಕು.

ನಾವು ಮೊದಲು ಬಿಲ್ಲಿನ ನಮೂನೆಗೇ ಜೋಡಿಸಿದೆವು. ಆ ತಿಂಗಳಲ್ಲಿ ಪ್ರತಿದಿನ ಸಂಜೆ ಗುಮಾಸ್ತರು ತಮಗಾದ ತೊಡಕುಗಳನ್ನು ಒಂದು ಪುಸ್ತಕದಲ್ಲಿ ಬರೆದಿಡುತ್ತಿದ್ದರು. ಪೆಟ್ಟಿಗೆಯ ಉತ್ತಮ ಗುಣಗಳಲ್ಲಿ ಹೆಚ್ಚಿನವು ಬಂದದ್ದು ಆ ಪುಸ್ತಕದಿಂದಲೇ. ಹಣಪಾವತಿ, ದಾಸ್ತಾನುಗಳಿಗೆ ಅದು ತಲುಪುವ ಹೊತ್ತಿಗೆ ಹೊಸದಾಗಿ ತಿದ್ದಬೇಕಾದದ್ದು ಬಹಳ ಉಳಿದಿರಲಿಲ್ಲ.

ಹತ್ತು ಕಟ್ಟುವ ಕಡೆ ಒಂದು ಮುತ್ತು ಕಟ್ಟು ಎಂದು ನಮ್ಮ ಹಿರಿಯರು ಹೇಳಿದ್ದಾರೆ. ತಿಪಟೂರಿನ ಆ ವ್ಯಾಪಾರಿಗಳಿಗೆ ಈಗಲೂ ನಮ್ಮಿಂದಲೇ ಸರಕು ಹೋಗುತ್ತದೆ. ಅವರ ಹೆಸರು ಬರೆದೊಡನೆ ಪರದೆಯ ಮೇಲೆ ಎರಡು ಸಾಲುಗಳು ಈಗಲೂ ಮೂಡುತ್ತವೆ. ಆದರೆ ಒಂದರ ಕೆಳಗೆ ತಿಪಟೂರು, ಇನ್ನೊಂದರ ಕೆಳಗೆ ಅರಸೀಕೆರೆ ಎಂದು ಸ್ಪಷ್ಟವಾಗಿ ಬರೆದಿರುತ್ತದೆ. ಸದಸ್ಯ ಬಾಂಧವರು ನಾಳೆ ತಮ್ಮ ಕಚೇರಿಯ ಗುಮಾಸ್ತರ ಆಸನದಲ್ಲಿ ಐದು ನಿಮಿಷ ಕುಳಿತು, ಒಂದೇ ಹೆಸರಿನ ಇಬ್ಬರು ಗ್ರಾಹಕರನ್ನು ಹುಡುಕಿ ನೋಡಬೇಕೆಂದು ಕೋರುತ್ತೇನೆ.